ಒತ್ತಕ್ಷರಕ್ಕೊಂದಿಷ್ಟು ಜಾಗ

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೂ ಅಮ್ಮ ಲ್ಯಾಪ್‌ಟಾಪಿನ ಪರದೆಗೆ ಮೂಗು ತಾಗಿಸಿಕೊಂಡೇ ಸುದ್ದಿ ಓದುತ್ತಿದ್ದುದನ್ನು ನೋಡಲಾರದೆ, ನಿನ್ನೆ ಸಂಜೆ ಅವರ ಕ್ರೋಮ್ ಬ್ರೌಸರಿನ ಸೆಟ್ಟಿಂಗ್ಸ್ ತೆರೆದು ಕುಳಿತೆ. ಕಂಟ್ರೋಲ್ ಮತ್ತು ಪ್ಲಸ್ ಒಟ್ಟಿಗೆ ಒತ್ತಿದರೆ ಪುಟ ಹಿಗ್ಗುತ್ತದೆಂಬುದು ಅವರಿಗೆ ಗೊತ್ತಿತ್ತು; ಆದರೆ ಆ ಹಿಗ್ಗು ಆಯಾ ಜಾಲತಾಣಕ್ಕಷ್ಟೇ ಸೀಮಿತವಾದ್ದರಿಂದ, ಹೊಸ ತಾಣಕ್ಕೆ ಹೋದಾಗಲೆಲ್ಲ ಮತ್ತೆ ಮೊದಲಿನಿಂದ ಒತ್ತಬೇಕಾಗುತ್ತಿತ್ತು. ಹಾಗಾಗಿ ಅಪಿಯರೆನ್ಸ್ ವಿಭಾಗದಲ್ಲಿ ಎಲ್ಲ ಪುಟಗಳ ಝೂಮ್ ಅನ್ನು ಶೇ 125ಕ್ಕೆ ಏರಿಸಿ, ಫಾಂಟ್ ಆಯ್ಕೆಗಳ ಒಳಗೆ ಅಡಗಿರುವ ಕನಿಷ್ಠ ಅಕ್ಷರಗಾತ್ರವನ್ನು 18ಕ್ಕೆ ಎಳೆದಿಟ್ಟೆ.

ಇಂಗ್ಲಿಷಿಗೆ 14 ಸಾಕಾದೀತು, ಕನ್ನಡಕ್ಕೆ ಸಾಲದು. ‘ರಾಷ್ಟ್ರ’ ಎಂದು ಬರೆದರೆ ಷಕಾರದ ಜೊತೆಗೆ ಟಕಾರ, ರಕಾರಗಳ ಒತ್ತುಗಳೆರಡೂ ಇಕ್ಕಟ್ಟಿನಲ್ಲಿ ತೂಗಾಡುತ್ತವೆ. ಮಸುಕು ಕಣ್ಣಿಗೆ ಅದು ಬರಿಯ ಕಪ್ಪು ಚುಕ್ಕೆ. ಕೆಲವು ತಾಣಗಳಲ್ಲಂತೂ ಸಾಲಿನ ಎತ್ತರವನ್ನು ಇಂಗ್ಲಿಷಿನ ಅಳತೆಗೆ ಬಿಗಿದಿರುವುದರಿಂದ ಒತ್ತಿನ ಬುಡವೇ ಕತ್ತರಿಸಿಹೋಗುತ್ತದೆ, ಅದನ್ನು ಓದುವವರ ಸೆಟ್ಟಿಂಗ್ಸ್ ಸರಿಪಡಿಸಲಾರದು. ಅಕ್ಷರ ಶೇ 200ರಷ್ಟು ಹಿಗ್ಗಿದರೂ ಪುಟ ಕೆಡಬಾರದೆಂದು ವೆಬ್‌ನ ಸುಗಮತಾ ಮಾರ್ಗಸೂಚಿಗಳು 2008ರಲ್ಲೇ ಹೇಳಿವೆ. ತಾಣ ಕಟ್ಟುವವರು ಓದಿದಂತೆ ಕಾಣುವುದಿಲ್ಲ.

ಇವತ್ತು ಬೆಳಿಗ್ಗೆ ಅಮ್ಮ ಕುರ್ಚಿಗೆ ಬೆನ್ನು ಕೊಟ್ಟು ಓದುತ್ತಿದ್ದರು. ಜಾಹೀರಾತುಗಳೂ ದೊಡ್ಡದಾಗಿವೆಯೆಂಬುದೊಂದೇ ಅವರ ತಕರಾರು.