ಎರಡು ಸೋಪು

ಭಾನುವಾರ, 13 ಜುಲೈ 2025

ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಮಧ್ಯಾಹ್ನ ಅಮ್ಮನನ್ನು ಕೂರಿಸಿಕೊಂಡು ‘ಬ್ಯಾಲಡ್ ಆಫ್ ಎ ಸೋಲ್ಜರ್’ ಮತ್ತೆ ನೋಡಿದೆ. 1959ರ ಸೋವಿಯತ್ ಸಿನಿಮಾ, ಕಪ್ಪು ಬಿಳುಪು. ನಿರ್ದೇಶಕ ಗ್ರಿಗೊರಿ ಚುಖ್ರಾಯ್. ಸಬ್‌ಟೈಟಲ್ ಓದಿ ಓದಿ ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಸಿನಿಮಾ ಒಂದೂವರೆ ಗಂಟೆಯದು. ಅದರ ಬಗ್ಗೆ ನಮ್ಮ ಮಾತು ರಾತ್ರಿ ಊಟದವರೆಗೂ ನಡೆಯಿತು.

ಯುದ್ಧದ ಸಿನಿಮಾಗಳಲ್ಲಿ ನನಗೆ ಪ್ರಾಣ ಅನ್ನಿಸುವಂಥವು ಹೆಚ್ಚಾಗಿ 1950ರ ದಶಕದವೇ. ಆಗ ಸಿನಿಮಾ ಮಾಡಿದವರಲ್ಲಿ ಎಷ್ಟೋ ಜನ ಸ್ವತಃ ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದವರು. ಚುಖ್ರಾಯ್ ಕೂಡ ಪ್ಯಾರಾಟ್ರೂಪರ್ ಆಗಿದ್ದವನು. ಸ್ಟಾಲಿನ್‌ಗ್ರಾಡ್‌ನಲ್ಲಿ ಹೋರಾಡಿದ್ದ, ಗಾಯಗೊಂಡಿದ್ದ. ಅಂಥವನು ಮಾಡಿದ ಸಿನಿಮಾದಲ್ಲಿ ಕಾಳಗ ಇರುವುದು ಶುರುವಿನ ಕೆಲವೇ ನಿಮಿಷ. ಆಮೇಲೆ ಪೂರ್ತಿ ರೈಲು, ಸ್ಟೇಷನ್ನು, ಜನ.

ಕಥೆ ಇಷ್ಟೇ. ಅಲ್ಯೋಶಾ ಅಂತ 19 ವರ್ಷದ ಹುಡುಗ. ಸಿಗ್ನಲ್ ವಿಭಾಗದವನು. ಟ್ಯಾಂಕ್ ಅಟ್ಟಿಸಿಕೊಂಡು ಬಂದಾಗ ಹೆದರಿ ಓಡುತ್ತಾನೆ. ಓಡುವಾಗ ಕ್ಯಾಮೆರಾ ನಿಧಾನಕ್ಕೆ ತಿರುಗುತ್ತಾ ಹೋಗಿ ಭೂಮಿ ಮೇಲೆ, ಆಕಾಶ ಕೆಳಗೆ ಆಗಿಬಿಡುತ್ತದೆ. ಯಾರೋ ಬಿಟ್ಟುಹೋದ, ಟ್ಯಾಂಕ್ ಹೊಡೆಯುವ ಬಂದೂಕು ಕೈಗೆ ಸಿಕ್ಕಿ, ಅದರಲ್ಲೇ ಎರಡು ಟ್ಯಾಂಕ್ ಹೊಡೆದು ಕೆಡವುತ್ತಾನೆ. ಜನರಲ್ ಪದಕ ಕೊಡುತ್ತೇನೆ ಅಂದರೆ ಇವನು, ಪದಕ ಬೇಡ, ಊರಿಗೆ ಹೋಗಿ ಅಮ್ಮನನ್ನು ನೋಡಿ ಬರಲಾ, ಮನೆ ಸೂರು ಸೋರುತ್ತಿದೆಯಂತೆ ಅನ್ನುತ್ತಾನೆ. ಹೋಗುವುದಕ್ಕೆ 2 ದಿನ, ಸೂರಿಗೆ 2 ದಿನ, ವಾಪಸ್ ಬರುವುದಕ್ಕೆ 2 ದಿನ. ಒಟ್ಟು 6 ದಿನ ರಜೆ.

ಇಲ್ಲಿಗೆ ಅಮ್ಮ ಸಿನಿಮಾದೊಳಗೆ ಇಳಿದುಬಿಟ್ಟಳು. ಹಂಚು ಒಡೆದು ಸೋರುವ ಮನೆ ಅವಳಿಗೆ ಗೊತ್ತು, ಮಳೆಗಾಲಕ್ಕೆ ಮುಂಚೆ ಆಳು ಸಿಗದೆ ಒದ್ದಾಡುವುದೂ ಗೊತ್ತು.

ಹುಡುಗ ವಾಪಸ್ ಬರುವುದಿಲ್ಲ ಅಂತ ಮೊದಲ ದೃಶ್ಯದಲ್ಲೇ ಹೇಳಿಬಿಡುತ್ತಾರೆ. ತಾಯಿ ಊರಾಚೆಯ ರಸ್ತೆ ನೋಡುತ್ತಾ ನಿಂತಿರುತ್ತಾಳೆ. ಅವಳ ಮಗನನ್ನು ದೂರದ ಯಾವುದೋ ನೆಲದಲ್ಲಿ ಹೂತಿದ್ದಾರೆ, ಗುರುತಿಲ್ಲದವರು ಬಂದು ಅಲ್ಲಿ ಹೂವಿಡುತ್ತಾರೆ ಅಂತ ಹಿನ್ನೆಲೆ ದನಿ ಹೇಳುತ್ತದೆ. ಹೀಗೆ ಮೊದಲೇ ಗೊತ್ತಾದ ಮೇಲೆ, ದಾರಿಯಲ್ಲಿ ಅವನು ಕಳೆಯುವ ಒಂದೊಂದು ಗಂಟೆಯೂ ನಮ್ಮ ಹೊಟ್ಟೆ ಉರಿಸುತ್ತದೆ. ಅವನಿಗೆ ಗೊತ್ತಿಲ್ಲ, ನಮಗೆ ಗೊತ್ತು. ಒಂದು ಕಾಲು ಕಳಕೊಂಡ ಸೈನಿಕನೊಬ್ಬ ಹೆಂಡತಿಗೆ ಮುಖ ತೋರಿಸಲು ಅಂಜಿ ಸ್ಟೇಷನ್ನಿನಲ್ಲೇ ಕೂತಿದ್ದರೆ ಅವನ ಜೊತೆ ಇವನೂ ನಿಲ್ಲುತ್ತಾನೆ. ಗೂಡ್ಸ್ ಗಾಡಿಯ ಹುಲ್ಲಿನಲ್ಲಿ ಅಡಗಿ ಬಂದ ಶೂರಾ ಅನ್ನುವ ಹುಡುಗಿಗೆ ನೀರು ತರಲು ಇಳಿದು ಗಾಡಿ ತಪ್ಪಿಸಿಕೊಳ್ಳುತ್ತಾನೆ. ಅವಳು ಮುಂದಿನ ಸ್ಟೇಷನ್ನಿನಲ್ಲಿ ಇವನಿಗಾಗಿ ಕಾದಿರುತ್ತಾಳೆ. “ಅಯ್ಯೋ, ಹೊರಡೋ ಮಾರಾಯ!” ಅಂತ ಅಮ್ಮ ಟೀವಿಗೆ ಹೇಳುತ್ತಲೇ ಇದ್ದಳು.

ಕೊನೆಗೆ ಊರು ಮುಟ್ಟುವಾಗ ಉಳಿದಿರುವುದು ಕೆಲವೇ ನಿಮಿಷ. ತಾಯಿ ಹೊಲದಿಂದ ಓಡಿ ಬರುತ್ತಾಳೆ. ಮಗನ ಮುಖ ಮುಟ್ಟಿ ನೋಡುತ್ತಾಳೆ. ಗಡ್ಡ ಕೆರೆಯುತ್ತೀಯಾ, ಸಿಗರೇಟು ಸೇದುತ್ತೀಯಾ ಅಂತ ಕೇಳುತ್ತಾಳೆ. ಆ ಹೊತ್ತಿಗೆ ಇನ್ನೇನು ಕೇಳುವುದಕ್ಕೆ ಸಾಧ್ಯ? ಅಷ್ಟರಲ್ಲಿ ಲಾರಿಯವನು ಹಾರನ್ ಹೊಡೆಯುತ್ತಾನೆ. ಸೂರು ಹಾಗೇ ಉಳಿಯುತ್ತದೆ. ತಾಯಿಯ ಪಾತ್ರ ಮಾಡಿದ ಅಂತೋನಿನಾ ಮಾಕ್ಸಿಮೋವಾ ಆ ಕೆಲವೇ ನಿಮಿಷದಲ್ಲಿ ಮಾಡಿದ್ದನ್ನು ಎಷ್ಟೋ ನಟಿಯರು ಮೂರು ಗಂಟೆಯಲ್ಲೂ ಮಾಡಲಾರರು.

ಆದರೆ ನಮ್ಮ ಜಗಳ ಹತ್ತಿದ್ದು ಇದಕ್ಕಲ್ಲ, ಸೋಪಿನ ವಿಷಯಕ್ಕೆ.

ಅಲ್ಯೋಶಾ ಹೊರಡುವಾಗ ಪಾವ್ಲೊವ್ ಅನ್ನುವ ಸೈನಿಕ, ನನ್ನ ಹೆಂಡತಿಯನ್ನು ಕಂಡು ನಾನು ಬದುಕಿದ್ದೇನೆ ಅಂತ ಹೇಳು ಅನ್ನುತ್ತಾನೆ. ಕಳಿಸುವುದಕ್ಕೆ ಕೈಯಲ್ಲಿ ಏನೂ ಇಲ್ಲ. ಸಾರ್ಜೆಂಟ್ ಮೊದಲು ಗೊಣಗಿ, ಆಮೇಲೆ ಇಡೀ ತುಕಡಿಯ ಪಾಲಿಗಿದ್ದ ಎರಡು ಸೋಪು ತೆಗೆದುಕೊಡುತ್ತಾನೆ. ಯುದ್ಧಕಾಲದಲ್ಲಿ ಸೋಪು ಅಂದರೆ ಸುಮ್ನೆ ಅಲ್ಲ. ಅಲ್ಯೋಶಾ ವಿಳಾಸ ಹುಡುಕಿಕೊಂಡು ಹೋದರೆ ಮೆಟ್ಟಿಲ ಮೇಲೆ ಒಬ್ಬ ಪುಟ್ಟ ಹುಡುಗ ಸೋಪಿನ ಗುಳ್ಳೆ ಊದುತ್ತಾ ನಿಂತಿದ್ದಾನೆ. ಸೈನಿಕರ ಹತ್ತಿರ ಇಲ್ಲದ ಸೋಪು ಇಲ್ಲಿ ಮಕ್ಕಳ ಆಟಕ್ಕಿದೆ. ನಿರ್ದೇಶಕ ಒಂದು ಮಾತೂ ಆಡಿಸುವುದಿಲ್ಲ, ಗುಳ್ಳೆ ತೇಲಿಹೋಗುವುದನ್ನು ತೋರಿಸುತ್ತಾನೆ ಅಷ್ಟೇ. ಮೇಲೆ ಹೋದರೆ ಪಾವ್ಲೊವ್‌ನ ಹೆಂಡತಿ ಬೇರೊಬ್ಬನ ಜೊತೆ ಇದ್ದಾಳೆ. ಅಲ್ಯೋಶಾ ಹೊರಗೆ ಬಂದವನು ತಿರುಗಿ ಹೋಗಿ ಕೊಟ್ಟ ಸೋಪನ್ನು ಕಿತ್ತುಕೊಂಡು ಬರುತ್ತಾನೆ. ಬಾಂಬಿಗೆ ಮನೆ ಕಳಕೊಂಡವರ ನಡುವೆ ಮಲಗಿದ್ದ ಪಾವ್ಲೊವ್‌ನ ಮುದಿ ತಂದೆಗೆ ಅದನ್ನು ಕೊಡುತ್ತಾನೆ. ನಿಮ್ಮ ಮಗ ಅಂದರೆ ನಮ್ಮಲ್ಲಿ ಎಲ್ಲರಿಗೂ ಗೌರವ ಅಂತ ಹೇಳುತ್ತಾನೆ. ಆ ಮಗನನ್ನು ಅವನು ನೋಡಿದ್ದೇ ಒಂದು ಗಳಿಗೆ.

ನನಗೆ ಇದು ಯಾವತ್ತೂ ಸರಿ ಅನ್ನಿಸಿದ ದೃಶ್ಯ. ಅಮ್ಮ ಒಪ್ಪಲಿಲ್ಲ.

“ಅಲ್ಲ ಕಣೇ, ಗಂಡ ಅವಳ ಹೆಸರಿಗೆ ಕಳಿಸಿದ್ದು. ಕೊಟ್ಟು ಬರೋದು ಅವನ ಕೆಲಸ. ಕಿತ್ತುಕೊಳ್ಳೋಕೆ ಅವನು ಯಾರು?”

“ಗಂಡ ಅಲ್ಲಿ ಸಾಯ್ತಾ ಇದ್ದಾನೆ, ಇವಳು ಇಲ್ಲಿ...”

“ಇವಳಿಗೆ ಇಲ್ಲಿ ಏನಾಗಿತ್ತು ಅಂತ ಯಾರಾದ್ರೂ ಕೇಳಿದ್ರಾ? ಒಬ್ಬಳೇ ಇದ್ದಳು. ಗಂಡ ಇದ್ದಾನೋ ಇಲ್ವೋ ಗೊತ್ತಿಲ್ಲ.”

ಅದು ನಿಜ. ಸಿನಿಮಾ ಅವಳನ್ನು ಕೇಳುವುದೇ ಇಲ್ಲ. ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬರಿಗೂ ಇಷ್ಟಿಷ್ಟು ಹೊತ್ತು ಕೊಡುವ ಚುಖ್ರಾಯ್, ಕಾಯದೆ ಹೋದ ಹೆಂಗಸಿಗೆ ಮಾತ್ರ ಬಾಗಿಲು ಹಾಕಿಬಿಡುತ್ತಾನೆ.

ಎರಡು ವರ್ಷ ಮುಂಚೆ, 1957ರಲ್ಲಿ, ಅದೇ ಸೋವಿಯತ್ ದೇಶದಲ್ಲಿ ಮಿಖಾಯಿಲ್ ಕಲತೋಜೊವ್ ಇದೇ ಪ್ರಶ್ನೆಯನ್ನು ಬೇರೆ ಥರ ಕೇಳಿದ್ದ. ‘ದಿ ಕ್ರೇನ್ಸ್ ಆರ್ ಫ್ಲೈಯಿಂಗ್’. 1958ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಪಡೆದ ಸಿನಿಮಾ. ಅದರ ವೆರೋನಿಕಾ ಕೂಡ ಕಾಯದೆ ಹೋದವಳೇ. ಪ್ರೀತಿಸಿದ ಬೋರಿಸ್ ಯುದ್ಧಕ್ಕೆ ಹೋದ, ಕಾಗದವಿಲ್ಲ. ಅಪ್ಪ ಅಮ್ಮ ಬಾಂಬಿಗೆ ಸತ್ತರು. ಬೋರಿಸ್‌ನ ದಾಯಾದಿ ಮಾರ್ಕ್ ಬಲವಂತ ಮಾಡಿದ, ಅವನನ್ನೇ ಮದುವೆಯಾದಳು. ಆಮೇಲೆ ಅವಳು ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ಒಬ್ಬ ಗಾಯಾಳು, ನಿಶ್ಚಯವಾಗಿದ್ದ ಹುಡುಗಿ ಬೇರೆಯವನನ್ನು ಮದುವೆಯಾದಳು ಅಂತ ಹುಚ್ಚನಂತೆ ಕೂಗಾಡುತ್ತಾನೆ. ಬೋರಿಸ್‌ನ ತಂದೆಯೇ ಅಲ್ಲಿ ದೊಡ್ಡ ಡಾಕ್ಟರು. ಅಂಥ ಹೆಣ್ಣಿಗೆ ಕ್ಷಮೆಯಿಲ್ಲ ಅಂತ ಎಲ್ಲರೆದುರು ಸಮಾಧಾನ ಹೇಳುತ್ತಾನೆ. ವೆರೋನಿಕಾ ಅಲ್ಲೇ ನಿಂತು ಕೇಳುತ್ತಿರುತ್ತಾಳೆ. ಈ ಸಲ ಕ್ಯಾಮೆರಾ ಇರುವುದು ಅವಳ ಕಡೆ. ಅವಳು ರೈಲಿನ ಕಡೆಗೆ ಓಡುತ್ತಾಳೆ, ಸೆರ್ಗೆಯ್ ಉರುಸೆವ್‌ಸ್ಕಿಯ ಕ್ಯಾಮೆರಾ ಜೊತೆಯಲ್ಲೇ ಓಡುತ್ತದೆ. ಬೇಲಿ, ಕೊಂಬೆ, ಮುಖ ಎಲ್ಲ ಒಂದರಲ್ಲೊಂದು ಕಲೆಸಿಹೋಗುತ್ತವೆ. ತಾತ್ಯಾನಾ ಸಮೋಯ್ಲೋವಾಳ ಆ ಕಣ್ಣು ನೋಡಿದವರು ಅವಳಿಂದ ಸೋಪು ಕಿತ್ತುಕೊಳ್ಳಲಾರರು.

ಅದೇ 1957ರಲ್ಲಿ ಇನ್ನೆರಡು ದೊಡ್ಡ ಸಿನಿಮಾ ಬಂದವು. ‘ಪಾತ್ಸ್ ಆಫ್ ಗ್ಲೋರಿ’ ಸ್ಟ್ಯಾನ್ಲಿ ಕುಬ್ರಿಕ್‌ನದು. ಮೊದಲ ಮಹಾಯುದ್ಧದಲ್ಲಿ ತಮ್ಮದೇ ಮೂವರು ಸೈನಿಕರನ್ನು ಹೇಡಿಗಳೆಂದು ಗುಂಡಿಟ್ಟು ಕೊಲ್ಲುವ ಫ್ರೆಂಚ್ ಸೇನಾಧಿಕಾರಿಗಳ ಕಥೆ. ಫ್ರಾನ್ಸ್‌ನಲ್ಲಿ 1975ರವರೆಗೂ ತೆರೆ ಕಾಣಲಿಲ್ಲ. ಕೊನೆಯಲ್ಲಿ ಸೆರೆಸಿಕ್ಕ ಜರ್ಮನ್ ಹುಡುಗಿ ಅಳುತ್ತಾ ಹಾಡುತ್ತಾಳೆ. ಕೇಕೆ ಹಾಕುತ್ತಿದ್ದ ಫ್ರೆಂಚ್ ಸೈನಿಕರು ಭಾಷೆ ಬಾರದಿದ್ದರೂ ಗುನುಗುತ್ತಾರೆ.

ಇನ್ನೊಂದು ‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಬರ್ಮಾ ರೈಲು ಹಾದಿಗೆ ಬ್ರಿಟಿಷ್ ಯುದ್ಧಕೈದಿಗಳಿಂದ ಸೇತುವೆ ಕಟ್ಟಿಸುವ ಕಥೆ. ಡೇವಿಡ್ ಲೀನ್ ಅದನ್ನು ಸಿಲೋನಿನ ಕಿತುಲ್‌ಗಲದಲ್ಲಿ ಚಿತ್ರಿಸಿದ್ದು, 7 ಆಸ್ಕರ್ ಬಂತು. ಆ ಶಿಳ್ಳೆಯ ರಾಗ, ಅಲೆಕ್ ಗಿನ್ನೆಸ್‌ನ ಹಟ ನನಗೂ ಇಷ್ಟ. ಆದರೂ ಅದನ್ನು ಪೂರ್ತಿ ಒಪ್ಪಲು ಮನಸ್ಸು ಬರುವುದಿಲ್ಲ. ಆ 415 ಕಿಲೋಮೀಟರ್ ಬರ್ಮಾ ರೈಲು ಹಾದಿಗೆ ಸುಮಾರು 12,000 ಯುದ್ಧಕೈದಿಗಳು ಬಲಿಯಾದರು. ಅದರ ಹಲವು ಪಟ್ಟು ಸತ್ತವರು ಏಷ್ಯಾದ ಕೂಲಿಗಳು. ಅವರಲ್ಲಿ ಮಲಯದ ರಬ್ಬರ್ ತೋಟಗಳಿಂದ ಹೊರಡಿಸಿಕೊಂಡು ಹೋದ ತಮಿಳರು ಎಷ್ಟೋ ಜನ. ಸಿನಿಮಾದಲ್ಲಿ ಅವರಿಗೆ ಜಾಗವೇ ಇಲ್ಲ. ಆ ತೋಟದ ಕೂಲಿ ಲೈನುಮನೆಗಳಲ್ಲಿ ಕಾದು ಕೂತವರ ಕಥೆ ಯಾರು ತೆಗೆಯುತ್ತಾರೆ?

ರಾತ್ರಿ ರೊಟ್ಟಿ ತಟ್ಟುತ್ತಾ ಅಮ್ಮ ‘ಹಕೀಕತ್’ ನೆನೆಸಿಕೊಂಡಳು. ಚೇತನ್ ಆನಂದ್ 1964ರಲ್ಲಿ ಮಾಡಿದ್ದು, ಚೀನಾ ಯುದ್ಧ ಮುಗಿದು ಎರಡೇ ವರ್ಷಕ್ಕೆ. ಲಡಾಖ್‌ನ ಚಳಿಯಲ್ಲಿ ಸೈನಿಕರು ಮನೆ ನೆನೆದು ಹಾಡುವ ಹಾಡೊಂದಿದೆಯಲ್ಲ, ‘ಹೋಕೆ ಮಜಬೂರ್’. ಕೈಫಿ ಆಜ್ಮಿ ಬರೆದದ್ದು, ಮದನ್ ಮೋಹನ್ ಸಂಗೀತ. ರಫಿ, ತಲತ್, ಮನ್ನಾ ಡೇ, ಭೂಪಿಂದರ್ ನಾಲ್ವರೂ ಹಾಡಿದ್ದಾರೆ. ಅವಳು ನನ್ನನ್ನು ಮರೆತಿದ್ದರೆ ಬೇರೆ ದಾರಿಯಿಲ್ಲದೆ ಮರೆತಿರಬೇಕು ಅನ್ನುವುದು ಆ ಹಾಡಿನ ಭಾವ. ಗಡಿಯಲ್ಲಿ ನಿಂತವನೇ ಮನೆಯಲ್ಲಿದ್ದವಳ ಪರ ಮಾತಾಡುತ್ತಾನೆ. “ಆ ಹುಡುಗನಿಗೆ ಇಷ್ಟು ತಿಳೀಲಿಲ್ಲ ನೋಡು” ಅಂದಳು ಅಮ್ಮ.

ಅವನಿಗೆ 19 ವರ್ಷ ಅಮ್ಮ, ಆ ವಯಸ್ಸಿನಲ್ಲಿ ಸಿಟ್ಟು ಜಾಸ್ತಿ ಅಲ್ವಾ ಅಂದೆ. ಪಾವ್ಲೊವ್‌ನ ತಂದೆಗೂ ಸೋಪು ಬೇಕಿತ್ತು ಅಂದೆ.

“ಎರಡಿತ್ತಲ್ಲ,” ಅಂದಳು. “ಅವಳಿಗೊಂದು, ಮಾವನಿಗೊಂದು ಕೊಡಬಹುದಿತ್ತು.”

ಮುಂದಿನ ಭಾನುವಾರ ಮಳೆ, ಕರೆಂಟು ಎರಡೂ ಒಪ್ಪಿದರೆ ‘ಕ್ರೇನ್ಸ್’ ಹಾಕುತ್ತೇನೆ. ವೆರೋನಿಕಾಳ ವಿಷಯದಲ್ಲಿ ಅಮ್ಮ ಏನು ಹೇಳುತ್ತಾಳೆ ಅಂತ ಇಲ್ಲೇ ಬರೆಯುತ್ತೇನೆ.