ಹನಾಮಿಕೋಜಿಯಲ್ಲಿ ಕೇಳಿದ ಪ್ರಶ್ನೆ

‘ರಾತ್ರಿಗೆ ಎಷ್ಟಂತೆ?’ ಎಂದು ಅವರು ಕೇಳಿದ್ದು ಕನ್ನಡದಲ್ಲಾದ್ದರಿಂದ, ಕ್ಯೋಟೊದ ಹನಾಮಿಕೋಜಿ ಬೀದಿಯಲ್ಲಿ ನಮ್ಮ ಮೂವರನ್ನು ಬಿಟ್ಟು ಬೇರೆ ಯಾರಿಗೂ ಅದು ಅರ್ಥವಾಗಿರಲಾರದು. ಆದರೂ ಈ ವಾರವಿಡೀ ಆ ಮಾತು ನನ್ನ ಕಿವಿಯನ್ನು ಬಿಟ್ಟಿಲ್ಲ. ಕೇಳಿದವರು ನನ್ನ ತಂದೆಯ ಹಳೆಯ ಸ್ನೇಹಿತರು, ನಿವೃತ್ತ ಅಧ್ಯಾಪಕರು, ಸಂಗೀತ ಬಲ್ಲವರು, ಯಾರ ಮನಸ್ಸನ್ನೂ ನೋಯಿಸದವರೆಂದು ನಮ್ಮ ಮನೆಯಲ್ಲಿ ಹೆಸರಾದವರು. ಪತ್ನಿಯೊಡನೆ ಜಪಾನ್ ನೋಡಲು ಬಂದಿದ್ದ ಅವರನ್ನು ನಾನು, ಔತಣಗಳಲ್ಲಿ ಹಾಡಿ ಕುಣಿದು ರಂಜಿಸುವ ಗೇಷಾ ಎಂಬ ಕಲಾವಿದೆಯರ ಬಡಾವಣೆಯಾದ ಗಿಯೋನ್‌ಗೆ ಕರೆದೊಯ್ದದ್ದು, 1872ರಲ್ಲಿ ಆರಂಭವಾಗಿ ಇಂದಿಗೂ ಏಪ್ರಿಲ್ ತಿಂಗಳಿನಲ್ಲಿ ನಡೆಯುವ ಮಿಯಾಕೊ ಒದೋರಿ ನೃತ್ಯಪ್ರದರ್ಶನವನ್ನು ತೋರಿಸಲೆಂದು.

ರಂಗಮಂದಿರದ ಕಡೆಗೆ ನಡೆಯುತ್ತಿದ್ದಾಗ ಓಣಿಯೊಂದರಿಂದ ಒಬ್ಬ ಮೈಕೊ, ಎಂದರೆ ಗೇಷಾ ಕಲೆಯನ್ನು ಇನ್ನೂ ಕಲಿಯುತ್ತಿರುವ ಹುಡುಗಿ, ಹೊರಬಂದಳು. ಕೂಡಲೇ ಐದಾರು ಪ್ರವಾಸಿಗರು ಅವಳ ಮುಂದೆ ಹಿಮ್ಮುಖವಾಗಿ ನಡೆಯುತ್ತ ಮೊಬೈಲ್ ಹಿಡಿದು ನಿಂತರು. ಅವಳು ತಲೆ ತಗ್ಗಿಸಿ, ಎತ್ತರದ ಮರದ ಪಾದರಕ್ಷೆಯಲ್ಲಿ ಸಾಧ್ಯವಾದಷ್ಟು ಬೇಗ ಹೆಜ್ಜೆ ಹಾಕಿದಳು. ಕೂದಲಲ್ಲಿ ಏಪ್ರಿಲ್‌ಗೆ ಮೀಸಲಾದ ಚೆರಿ ಹೂವಿನ ಅಲಂಕಾರ ಜೋಲಾಡುತ್ತಿತ್ತು. ಕೆಂಪು ಬಣ್ಣವಿದ್ದದ್ದು ಕೆಳದುಟಿಗೆ ಮಾತ್ರ. ಮೊದಲ ವರ್ಷದ ಮೈಕೊಗಳು ಮೇಲ್ದುಟಿಗೆ ಬಣ್ಣ ಹಚ್ಚುವುದಿಲ್ಲವೆಂದು ಬಲ್ಲ ನನಗೆ ಅವಳಿಗೆ ಹದಿನಾರರ ಆಸುಪಾಸು ಎಂಬುದು ತಿಳಿಯಿತು. ಆಗಲೇ ಅವರು ನಗುತ್ತ ಆ ಪ್ರಶ್ನೆ ಕೇಳಿದರು. ಅವರ ಪತ್ನಿಗೆ ತುಟಿಯ ಬಣ್ಣದ ಶಾಸ್ತ್ರ ತಿಳಿದಿರಲಿಲ್ಲ. ಆದರೂ ‘ಸುಮ್ಮನಿರಿ, ನಮ್ಮ ಮೊಮ್ಮಗಳ ವಯಸ್ಸಿನ ಮಗು ಅದು’ ಎಂದರು. ಆ ಬೀದಿಯಲ್ಲಿ ಆ ಹುಡುಗಿಯನ್ನು ಸರಿಯಾಗಿ ನೋಡಿದವರು ಅವರೊಬ್ಬರೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಇಂಥ ಪ್ರಶ್ನೆಯನ್ನು ತಂದೆಯ ಆ ಸ್ನೇಹಿತರು ಎಲ್ಲಿಂದ ತಂದರೆಂದು ಯೋಚಿಸಿದರೆ ಅವರೊಬ್ಬರನ್ನೇ ದೂರಲಾಗುವುದಿಲ್ಲ. 1904ರಲ್ಲಿ ಮಿಲಾನ್‌ನಲ್ಲಿ ಮೊದಲ ಬಾರಿ ರಂಗಕ್ಕೆ ಬಂದ ಇಟಲಿಯ ಸಂಗೀತಕಾರ ಪುಚ್ಚೀನಿಯ ‘ಮದಾಮಾ ಬಟರ್‌ಫ್ಲೈ’ ಎಂಬ ಒಪೆರಾದಲ್ಲಿ, ಎಂದರೆ ಹಾಡಿನ ನಾಟಕದಲ್ಲಿ, ಗೇಷಾ ಆಗಿದ್ದ ಹದಿನೈದು ವರ್ಷದ ಹುಡುಗಿಯನ್ನು ಅಮೆರಿಕದ ನೌಕಾಧಿಕಾರಿಯೊಬ್ಬ ತನ್ನ ಅನುಕೂಲಕ್ಕೆ ಮದುವೆಯಾಗಿ ತೊರೆಯುತ್ತಾನೆ. ಪ್ರೇಕ್ಷಕರು ಅವಳ ಸಾವಿಗೆ ಕಣ್ಣೀರಿಟ್ಟು ಮನೆಗೆ ಹೋಗುತ್ತಾರೆ. 1945ರ ನಂತರ ಜಪಾನಿನಲ್ಲಿ ಬೀಡುಬಿಟ್ಟ ಅಮೆರಿಕದ ಸೈನಿಕರು ತಮ್ಮೊಡನೆ ಬಂದ ವೇಶ್ಯೆಯರನ್ನೆಲ್ಲ ಗೇಷಾ ಎಂದೇ ಕರೆದರು. 1997ರಲ್ಲಿ ಗೇಷಾ ಒಬ್ಬಳ ಬದುಕನ್ನು ಕುರಿತು ಅಮೆರಿಕದ ಲೇಖಕರೊಬ್ಬರು ಬರೆದ ಕಾದಂಬರಿ ಪ್ರಕಟವಾಗಿ ಜಗತ್ತಿನಾದ್ಯಂತ ಮಾರಾಟವಾಯಿತು. ಅದಕ್ಕೆ ಮಾಹಿತಿ ಕೊಟ್ಟಿದ್ದ ಗಿಯೋನ್‌ನ ಪ್ರಸಿದ್ಧ ಕಲಾವಿದೆ ಇವಾಸಾಕಿ ಮಿನೆಕೊ, ತಮ್ಮ ಗುರುತನ್ನು ಗುಟ್ಟಾಗಿಡುವ ಮಾತನ್ನು ಲೇಖಕರು ಮುರಿದರೆಂದೂ ತಮ್ಮ ಬದುಕಿನಲ್ಲಿ ನಡೆಯದ ಕನ್ಯತ್ವದ ಹರಾಜನ್ನು ತಮ್ಮ ಮೇಲೆ ಹೊರಿಸಿದಂತಾಯಿತೆಂದೂ 2001ರಲ್ಲಿ ನ್ಯಾಯಾಲಯಕ್ಕೆ ಹೋದರು. 2003ರಲ್ಲಿ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಕಾದಂಬರಿಯನ್ನು ಓದಿದ ಅಸಂಖ್ಯ ಜನರಲ್ಲಿ ಆ ಮೊಕದ್ದಮೆಯ ಬಗ್ಗೆ ಕೇಳಿದವರು ಎಷ್ಟು ಮಂದಿ ಇದ್ದಾರು?

ರಂಗಮಂದಿರದಲ್ಲಿ ತಂದೆಯ ಸ್ನೇಹಿತರು ತನ್ಮಯರಾಗಿ ಕುಳಿತು ಶಾಮಿಸೆನ್ ವಾದ್ಯದ ಲಯವನ್ನು ಬೆರಳಿನಲ್ಲಿ ಎಣಿಸುತ್ತಿದ್ದರು. ಅದನ್ನು ನೋಡಿ ನನಗೆ ಸಮಾಧಾನವಾಗುವ ಬದಲು ಸಂಕಟ ಹೆಚ್ಚಿತು. ಕಲೆಗೆ ತಲೆದೂಗುತ್ತಲೇ ಕಲಾವಿದೆಯನ್ನು ಕೀಳಾಗಿ ಕಾಣುವುದು ನಮಗೆ ಹೊಸತಲ್ಲ. ಅವರು ಭಕ್ತಿಯಿಂದ ಹೋಗಿಬರುವ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು ದೇವದಾಸಿ ಮನೆತನದ ಬೆಂಗಳೂರು ನಾಗರತ್ನಮ್ಮ. ತಮ್ಮ ದುಡಿಮೆಯ ಹಣವನ್ನು ಅಲ್ಲಿ ಸುರಿದ ಕಾಲದಲ್ಲಿಯೇ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಇದು ನಮ್ಮ ಈ ಹಿರಿಯರಿಗೂ ಗೊತ್ತಿರುವ ಸಂಗತಿ.

ಹಿಂತಿರುಗುವಾಗ ರೈಲಿನಲ್ಲಿ, ‘ಹಾಗಾದರೆ ಅಂಥದ್ದೇನೂ ಎಂದೂ ಇರಲೇ ಇಲ್ಲವೇ?’ ಎಂದು ಅವರೇ ಮಾತು ತೆಗೆದರು. ಇದನ್ನು ಅವರು ಗಂಭೀರವಾಗಿಯೇ ಕೇಳಿದ್ದರಿಂದ ನಾನೂ ತಿಳಿದಷ್ಟನ್ನು ಮುಚ್ಚಿಡದೆ ಹೇಳಿದೆ. ಮೊದಲ ಗೇಷಾಗಳು ಗಂಡಸರು, ಔತಣಗಳಲ್ಲಿ ನಗಿಸಿ ಹಾಡಿ ರಂಜಿಸುತ್ತಿದ್ದವರು. ಹೆಂಗಸರು ಈ ವೃತ್ತಿಗೆ ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. ಇಂದಿನ ಟೋಕಿಯೊ ಆದ ಎದೊ ನಗರದಲ್ಲಿ, ಯೋಶಿವಾರಾ ಎಂಬ ವೇಶ್ಯೆಯರ ಬಡಾವಣೆಯಲ್ಲಿ 1779ರಲ್ಲಿ ಗೇಷಾಗಳಿಗಾಗಿ ಒಂದು ನೋಂದಣಿ ಕಚೇರಿ ಸ್ಥಾಪನೆಯಾಯಿತು, ಗಿರಾಕಿಗಳೊಡನೆ ಮಲಗಬಾರದೆಂಬ ಕಟ್ಟಳೆಯೂ ಇತ್ತು. ಆ ಕಟ್ಟಳೆಯ ಹಿಂದೆ ಇದ್ದದ್ದು ಗೇಷಾಗಳ ಮೇಲಿನ ಗೌರವಕ್ಕಿಂತ ಹೆಚ್ಚಾಗಿ, ಒಯಿರಾನ್ ಎಂಬ ವೇಶ್ಯೆಯರ ವ್ಯಾಪಾರಕ್ಕೆ ಪೈಪೋಟಿ ಬರಬಾರದೆಂಬ ಲೆಕ್ಕಾಚಾರ. ನಡುಪಟ್ಟಿಯ ಗಂಟನ್ನು ಒಯಿರಾನ್‌ಗಳು ಮುಂದಕ್ಕೆ ಕಟ್ಟಿಕೊಂಡರೆ ಗೇಷಾಗಳು ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದರು. ಹೊರಗಿನವರ ಕಲ್ಪನೆಯಲ್ಲಿ ಇಬ್ಬರೂ ಒಂದೇ ಆಗಿಬಿಟ್ಟರು. ಆದರೆ ಬಡ ತಂದೆತಾಯಿಗಳು ಸಾಲಕ್ಕೆ ಪ್ರತಿಯಾಗಿ ಒಪ್ಪಿಸಿದ ಹೆಣ್ಣುಮಕ್ಕಳು ಈ ಮನೆಗಳಲ್ಲಿಯೂ ಇದ್ದರು, ಖರ್ಚು ವಹಿಸಿಕೊಂಡು ಹಕ್ಕು ಚಲಾಯಿಸುವ ದನ್ನಾ ಎಂಬ ಪೋಷಕರಿದ್ದರು, ಹಣ ಪಡೆದು ಕನ್ಯತ್ವವನ್ನು ಒಪ್ಪಿಸುವ ಪದ್ಧತಿಯೂ ಇತ್ತು. ವೇಶ್ಯಾವಾಟಿಕೆಯನ್ನು ತಡೆಯುವ ಕಾನೂನು 1956ರಲ್ಲಿ ಅಂಗೀಕಾರವಾಗಿ 1958ರಲ್ಲಿ ಪೂರ್ಣವಾಗಿ ಜಾರಿಗೆ ಬಂದಿತು. ಗೇಷಾ ಎಂದರೆ ವೇಶ್ಯೆ ಎನ್ನುವವರು ಈ ಚರಿತ್ರೆಯ ಒಂದು ತುಣುಕನ್ನು ಹಿಡಿದು ಮಾತಾಡಿದರೆ, ಪರಿಶುದ್ಧ ಕಲೆಯ ಹೊರತು ಅಲ್ಲೇನೂ ಇರಲಿಲ್ಲವೆನ್ನುವವರು ಇನ್ನೊಂದನ್ನು ಹಿಡಿಯುತ್ತಾರೆ.

ಅವರ ಪತ್ನಿ ಇದನ್ನೆಲ್ಲ ಕೇಳಿಸಿಕೊಂಡು, ‘ಈಗಿನದು ಹೇಳು, ಆ ಮಗುವಿಗೆ ಸಂಬಳ ಎಷ್ಟು?’ ಎಂದರು. ಕಲಿಯುವ ಸುಮಾರು ಐದು ವರ್ಷ ಮೈಕೊಗಳಿಗೆ ನಿಗದಿತ ಸಂಬಳವಿಲ್ಲ. ಊಟ, ವಸತಿ, ಶಿಕ್ಷಣ, ದುಬಾರಿ ಕಿಮೋನೊ ಎಲ್ಲವನ್ನೂ ಒಕಿಯಾ ಎಂಬ ಮನೆ ಭರಿಸುತ್ತದೆ. ಗಿರಾಕಿಗಳು ಕೊಡುವ ಶುಲ್ಕವೂ ಅಲ್ಲಿಗೇ ಹೋಗುತ್ತದೆ. ಹಿಂದೆ ಊದುಬತ್ತಿ ಉರಿಯುವ ಅವಧಿಯನ್ನು ಮಾನವಾಗಿಟ್ಟುಕೊಂಡು ಆ ಶುಲ್ಕವನ್ನು ಲೆಕ್ಕ ಹಾಕುತ್ತಿದ್ದರು. ಸ್ವಂತ ಕೂದಲಿನ ಶಿರೋಲಂಕಾರ ಕೆಡದಂತೆ ಎತ್ತರದ ದಿಂಬಿನ ಮೇಲೆ ಕುತ್ತಿಗೆಯೂರಿ ಮಲಗಬೇಕು, ಬೆಳಗ್ಗೆ ನೃತ್ಯ ಮತ್ತು ವಾದ್ಯದ ಪಾಠ, ಸಂಜೆಯಿಂದ ಔತಣಗಳು. ಮಾಧ್ಯಮಿಕ ಶಾಲೆ ಮುಗಿಸಿದ ಮೇಲೆ ತಾವಾಗಿಯೇ ಇಷ್ಟಪಟ್ಟು ಬರುವ ಹುಡುಗಿಯರು ಇವರು. ಬಿಟ್ಟುಹೋಗಬಹುದು, ಬಹಳ ಮಂದಿ ಹೋಗುತ್ತಾರೆ. 2022ರಲ್ಲಿ ಹಾಗೆ ಬಿಟ್ಟುಹೋದ ಒಬ್ಬರು, ಮದ್ಯಪಾನಕ್ಕೆ ಕನಿಷ್ಠ ವಯಸ್ಸು ಇಪ್ಪತ್ತಾಗಿರುವ ಈ ದೇಶದಲ್ಲಿ ತಮಗೆ ಹದಿನಾರಕ್ಕೇ ವಿಪರೀತವಾಗಿ ಕುಡಿಸಿದರೆಂದೂ, ಗಿರಾಕಿಗಳೊಡನೆ ಸ್ನಾನಕ್ಕಿಳಿಯುವಂತೆ ಒತ್ತಾಯಿಸಿದರೆಂದೂ ಬಹಿರಂಗವಾಗಿ ಆರೋಪಿಸಿದರು. ಸಂಪ್ರದಾಯಕ್ಕೆ ಮಸಿ ಬಳಿಯುತ್ತಿದ್ದಾಳೆಂದು ಅವರ ಬಾಯಿ ಮುಚ್ಚಿಸಲು ಯಾರು ಹೊರಟರೂ ಅದನ್ನು ನಾನು ಕಲಾಭಿಮಾನವೆಂದು ಒಪ್ಪಲಾರೆ.

‘ಇವಳು ದುಡ್ಡಿನ ಮಾತೇ ಎತ್ತಿದಳಲ್ಲ, ನಾನು ಕೇಳಿದ್ದರಲ್ಲಿ ಮಾತ್ರ ಏನು ತಪ್ಪು?’ ಎಂದು ಅವರು ಸ್ವಲ್ಪ ನೊಂದುಕೊಂಡೇ ಕೇಳಿದರು. ನೀವು ಕೇಳಿದ್ದು ಕೊಳ್ಳುವವರ ಬೆಲೆ, ಇವರು ಕೇಳಿದ್ದು ದುಡಿಯುವವಳ ಕೂಲಿ ಎಂದೆ. ಅವರು ಒಪ್ಪಿದರೋ ಇಲ್ಲವೋ ಹೇಳಲಿಲ್ಲ. ಗಿಯೋನ್‌ನ ಖಾಸಗಿ ಓಣಿಗಳಲ್ಲಿ 2019ರಿಂದ ಅನುಮತಿಯಿಲ್ಲದೆ ಚಿತ್ರ ತೆಗೆದರೆ 10,000 ಯೆನ್ ದಂಡವೆಂಬ ಫಲಕಗಳಿವೆ, 2024ರಲ್ಲಿ ಕೆಲವು ಓಣಿಗಳಿಗೆ ಪ್ರವಾಸಿಗರ ಪ್ರವೇಶವನ್ನೇ ನಿಷೇಧಿಸಲಾಯಿತು. ಬೀದಿಯಲ್ಲಿ ಬೆನ್ನುಹತ್ತುವವರಿಂದ ಹುಡುಗಿಯರನ್ನು ಕಾಪಾಡಲು ಇದು ಬೇಕಿತ್ತು. ಆದರೆ ಬೀದಿಯ ಫಲಕ ಔತಣದ ಕೋಣೆಯೊಳಗೆ ಅವಳನ್ನು ಕಾಯುವುದಿಲ್ಲ. ಮೈಕೊಗಳಿಗೆ ಕೆಲಸದ ವೇಳೆ, ರಜೆ, ಕೂಲಿ ಎಲ್ಲವೂ ಬರಹದಲ್ಲಿ ನಿಗದಿಯಾಗಬೇಕು, ಇಪ್ಪತ್ತು ತುಂಬದವರ ಮುಂದೆ ಯಾರೂ ಮದ್ಯದ ಬಟ್ಟಲನ್ನು ಇಡಕೂಡದು. ಇದರಿಂದ ನೃತ್ಯಕ್ಕಾಗಲಿ ಶಾಮಿಸೆನ್‌ಗಾಗಲಿ ಯಾವ ಕುಂದೂ ಬಾರದು. ಮಗಳನ್ನು ಕಳುಹಿಸಲು ಹಿಂಜರಿಯುವ ತಾಯಂದಿರಿಗೆ ಧೈರ್ಯವೂ ಬರುತ್ತದೆ ಎಂದು ಅವರ ಪತ್ನಿ ಹೇಳಿದ್ದನ್ನು ನಾನು ಸಂಪೂರ್ಣವಾಗಿ ಒಪ್ಪುತ್ತೇನೆ.