ಸೋತಿದ್ದಕ್ಕೆ ರಸೀದಿ

"ಮೇಡಂ, ತೂಕ ಇಳಿಸೋಕೆ ಟ್ರೈ ಮಾಡಿ ಆಗಲಿಲ್ಲ ಅನ್ನೋದಕ್ಕೆ ಏನಾದ್ರೂ ಪ್ರೂಫ್ ಇದೆಯಾ?"

ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನ ಹುಡುಗಿ ಹೀಗೆ ಕೇಳಿದಾಗ ನನಗೆ ನಗು ಬಂತು. ನನ್ನನ್ನೇ ತೋರಿಸಿಕೊಂಡು "ಇಷ್ಟು ದೊಡ್ಡ ಪ್ರೂಫ್ ಮುಂದೇನೇ ಕೂತಿದೆಯಲ್ಲಮ್ಮ" ಅಂದೆ. ಅವಳು ನಗಲಿಲ್ಲ. "ಪೇಪರ್ ಬೇಕು ಮೇಡಂ. ಡೇಟ್ ಇರೋದು."

ನಾನು ಮಂಡ್ಯದ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕ್ಯಾಷಿಯರ್. 19 ವರ್ಷದಿಂದ ಕೌಂಟರಿನ ಈ ಕಡೆ ಕೂತು ಜನರಿಗೆ ಹೇಳುತ್ತಾ ಬಂದಿರುವುದೂ ಇದನ್ನೇ. ಪೇಪರ್ ತನ್ನಿ, ಡೇಟ್ ಇರಬೇಕು, ಸೀಲ್ ಬೀಳಬೇಕು. ಆ ದಿನ ಕೌಂಟರಿನ ಆ ಕಡೆ ಹೇಗಿರುತ್ತದೆ ಅಂತ ಗೊತ್ತಾಯಿತು.

ನನ್ನ ಎತ್ತರ 158 ಸೆಂಟಿಮೀಟರ್, ಆಗಿನ ತೂಕ 97 ಕೆಜಿ. ಲೆಕ್ಕ ಹಾಕಿದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 38.9. ಒಂಬತ್ತು ವರ್ಷದಿಂದ ಶುಗರ್. ಮಾತ್ರೆ ಆಯಿತು, ಇನ್ಸುಲಿನ್ ಶುರುವಾಯಿತು, ಆದರೂ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 9.1. ಇದೆಲ್ಲ ಹೇಗೋ ಅಭ್ಯಾಸವಾಗಿ ಹೋಗಿತ್ತು. ಆಪರೇಷನ್ ತನಕ ನನ್ನನ್ನು ಕರೆದುಕೊಂಡು ಹೋಗಿದ್ದು ನಿದ್ದೆ. ಒಂದು ಮಧ್ಯಾಹ್ನ ಕೌಂಟರಿನಲ್ಲಿ ನೋಟು ಎಣಿಸುತ್ತಾ ಎಣಿಸುತ್ತಾ ತೂಕಡಿಸಿಬಿಟ್ಟೆ. ಸಂಜೆ ಲೆಕ್ಕಕ್ಕೆ 4,500 ರೂಪಾಯಿ ಕಮ್ಮಿ. ಕೈಯಿಂದ ಕಟ್ಟಿದೆ. ಮನೆಗೆ ಬಂದು ಹೇಳಿದಾಗ ನಮ್ಮವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾತ್ರಿ ನಿನ್ನ ಉಸಿರು ನಿಂತು ನಿಂತು ಬರುತ್ತೆ ಕಣೇ. ನಾನು ಎದ್ದು ಕೂತು ಎಣಿಸ್ತಿರ್ತೀನಿ" ಅಂದರು. ಎಷ್ಟು ದಿನದಿಂದ ಅಂತ ಕೇಳಿದೆ. ಎರಡು ವರ್ಷದಿಂದಂತೆ. ಹೇಳಿದರೆ ಬೇಜಾರಾಗುತ್ತೀನಿ ಅಂತ ಹೇಳಿರಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಒಂದು ರಾತ್ರಿ ತಲೆಗೆ, ಎದೆಗೆ, ಕಾಲಿಗೆ ವೈರ್ ಅಂಟಿಸಿ ಮಲಗಿಸಿದರು. ಗಂಟೆಗೆ 46 ಸಲ ಉಸಿರು ನಿಲ್ಲುವುದೋ ಕಮ್ಮಿಯಾಗುವುದೋ ಆಗುತ್ತಿದೆ ಅಂತ ಬಂತು. 30 ದಾಟಿದರೇ ತೀವ್ರ ಅನ್ನುತ್ತಾರೆ. ಮೂಗಿಗೆ ಮಾಸ್ಕ್ ಹಾಕಿಕೊಂಡು ಮಲಗುವ ಮೆಷಿನ್ ಕೊಟ್ಟರು. ಜೊತೆಗೆ ಸರ್ಜನ್ ಹತ್ತಿರ ಕಳಿಸಿದರು. ಹೊಟ್ಟೆಯ ಮೇಲ್ಭಾಗದಲ್ಲಿ ಒಂದು ಪುಟ್ಟ ಚೀಲದಷ್ಟು ಉಳಿಸಿ, ಅದಕ್ಕೆ ಸಣ್ಣ ಕರುಳನ್ನು ಜೋಡಿಸುವ ಬೈಪಾಸ್ ಮಾಡಿದರೆ ಶುಗರಿಗೂ ಉಸಿರಿಗೂ ಒಳ್ಳೆಯದು ಅಂದರು ಅವರು. ಖರ್ಚು ನಾಲ್ಕು ಲಕ್ಷದ ಮೇಲೆ.

ನಮ್ಮದು ಐದು ಲಕ್ಷದ ಫ್ಯಾಮಿಲಿ ಪಾಲಿಸಿ. 2020ರ ಜೂನ್‌ನಲ್ಲಿ ಕೊರೋನಾ ಭಯಕ್ಕೆ ಮಾಡಿಸಿದ್ದು. ಶುಗರ್ ಇದೆ ಅಂತ ಫಾರಂನಲ್ಲಿ ಬರೆಯಬೇಡಿ, ಕಂತು ಜಾಸ್ತಿ ಆಗುತ್ತೆ ಅಂತ ಏಜೆಂಟ್ ಹೇಳಿದ್ದ. ನಾನು ಬರೆದೆ. ಕ್ಯಾಷಿಯರ್ ಬುದ್ಧಿ, ಇರೋದನ್ನ ಇಲ್ಲ ಅಂತ ಬರೆಯೋಕೆ ಕೈ ಓಡಲ್ಲ. ಕಂತು ಜಾಸ್ತಿಯೇ ಆಯಿತು. ಮೊದಲೇ ಇದ್ದ ಕಾಯಿಲೆಗೆ 48 ತಿಂಗಳು ಕಾಯಬೇಕು ಅಂತ ಪಾಲಿಸಿಯಲ್ಲಿತ್ತು, ಈಗ ಅದನ್ನು 36ಕ್ಕೆ ಇಳಿಸಿದ್ದಾರೆ. ನಾನು ಸರ್ಜನ್ ಹತ್ತಿರ ಹೋಗಿದ್ದು 2024ರ ಸೆಪ್ಟೆಂಬರ್‌ನಲ್ಲಿ. 48 ತಿಂಗಳೂ ಮುಗಿದಿತ್ತು. ಆವತ್ತು ಏಜೆಂಟ್ ಮಾತು ಕೇಳಿದ್ದರೆ, ಕಾಯಿಲೆ ಮುಚ್ಚಿಟ್ಟಿದ್ದೀರಿ ಅನ್ನುವ ಒಂದೇ ಸಾಲಲ್ಲಿ ಕಥೆ ಮುಗಿಸುತ್ತಿದ್ದರು.

ಮೊದಲ ಸಲ ಆಸ್ಪತ್ರೆಯವರು, ಕಂಪನಿಯೇ ನೇರವಾಗಿ ಬಿಲ್ ಕಟ್ಟುವ ಕ್ಯಾಷ್‌ಲೆಸ್‌ಗೆ ಕಳಿಸಿದಾಗ ಪ್ರಶ್ನೆಗಳ ಮೇಲೆ ಪ್ರಶ್ನೆ ಬಂತು. ಒಂದಕ್ಕೆ ಉತ್ತರ ಕೊಟ್ಟರೆ ಇನ್ನೊಂದು. ಗಂಟೆಯೊಳಗೆ ತೀರ್ಮಾನ ಹೇಳಬೇಕು ಅಂತ 2024ರಲ್ಲಿ ನಿಯಮವೇ ಬಂದಿದೆ. ಆದರೆ ಪ್ರಶ್ನೆ ಕೇಳುತ್ತಾ ಹೋದರೆ ಗಂಟೆಯೂ ಉದ್ದ ಆಗುತ್ತದೆ ಅಲ್ವಾ? ನಾನು ಬೆಂಗಳೂರಿಂದ ರೈಲಿನಲ್ಲಿ ವಾಪಸ್ ಬರುತ್ತಿದ್ದೆ. ಮದ್ದೂರು ಸ್ಟೇಷನ್ನಿನಲ್ಲಿ ವಡೆ ಮಾರುವವನು ಬೋಗಿ ಹತ್ತಿದ. ಅದೇ ಹೊತ್ತಿಗೆ ಮೊಬೈಲ್ ಟಿಣ್ ಅಂತು. ಸ್ಥೂಲಕಾಯದ ಚಿಕಿತ್ಸೆ ನಿಮ್ಮ ಪಾಲಿಸಿಯಲ್ಲಿ ಬರುವುದಿಲ್ಲ, ವಿನಂತಿ ತಿರಸ್ಕರಿಸಲಾಗಿದೆ. ಎರಡು ವಡೆ ತಗೊಂಡೆ. ಸುಳ್ಳು ಯಾಕೆ ಹೇಳಲಿ.

ಮಾರನೇ ದಿನ ಹೆಲ್ಪ್‌ಲೈನಿಗೆ ಫೋನ್ ಮಾಡಿದರೆ ಒಬ್ಬ ಹುಡುಗ, "ಅದು ಕಾಸ್ಮೆಟಿಕ್ ಥರ ಅಲ್ವಾ ಮೇಡಂ" ಅಂದ. ರಾತ್ರಿ ಉಸಿರಾಡಬೇಕು ಅನ್ನುವುದು ಯಾವ ಥರದ ಅಲಂಕಾರವಪ್ಪ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಪಾಪ, ಅವನೂ ಯಾವುದೋ ಕೌಂಟರಿನಲ್ಲಿ ಕೂತವನೇ.

ಆ ರಾತ್ರಿ ಪಾಲಿಸಿ ಪುಸ್ತಕ ತೆಗೆದು ಕೂತೆ. ನಾಲ್ಕು ವರ್ಷ ಕಂತು ಕಟ್ಟಿದ್ದೆ, ಒಂದು ಪುಟ ಓದಿರಲಿಲ್ಲ. ಯಾವುದಕ್ಕೆ ದುಡ್ಡು ಕೊಡುವುದಿಲ್ಲ ಅನ್ನುವ ಪಟ್ಟಿಯಲ್ಲಿ ಆರನೇ ನಂಬರು ಬೊಜ್ಜು, ತೂಕದ ಹತೋಟಿ. ಅಲ್ಲಿಗೇ ನಿಲ್ಲಿಸಿದ್ದರೆ ನಾನೂ ಸೋತು ಮಲಗುತ್ತಿದ್ದೆ. ಆದರೆ ಆ ವಾಕ್ಯ ಉದ್ದ ಇತ್ತು. ಈ ಕೆಳಗಿನ ಷರತ್ತುಗಳನ್ನೆಲ್ಲ ಪೂರೈಸದ ಆಪರೇಷನ್‌ಗೆ ಮಾತ್ರ ಕೊಡುವುದಿಲ್ಲ ಅಂತ ಇತ್ತು. ಅಂದರೆ ಪೂರೈಸಿದರೆ ಕೊಡಬೇಕು! ಇದು ನಮ್ಮ ಕಂಪನಿಯ ಮಾತಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2019ರ ಸೆಪ್ಟೆಂಬರ್‌ನಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಥರ ಬರೆದುಕೊಟ್ಟ ಮಾತು.

ಡಾಕ್ಟರು ಸಲಹೆ ಕೊಟ್ಟಿರಬೇಕು. ವೈದ್ಯಕೀಯ ಪದ್ಧತಿಗೆ ಒಪ್ಪಿಗೆಯಾಗುವ ಆಪರೇಷನ್ ಆಗಿರಬೇಕು. ವಯಸ್ಸು 18 ತುಂಬಿರಬೇಕು. ಬಿಎಂಐ 40 ಇರಬೇಕು. ಇಲ್ಲವೇ 35 ಇದ್ದು, ಜೊತೆಗೆ ಬೊಜ್ಜಿನಿಂದ ಬಂದ ಹೃದಯದ ಸ್ನಾಯುವಿನ ಕಾಯಿಲೆಯೋ, ಹೃದಯದ ರಕ್ತನಾಳದ ಕಾಯಿಲೆಯೋ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೀವ್ರ ಸ್ಲೀಪ್ ಆಪ್ನಿಯವೋ, ಹತೋಟಿಗೆ ಬಾರದ ಟೈಪ್ 2 ಶುಗರೋ ಇರಬೇಕು. ನನಗೆ ಕೊನೆಯ ಎರಡೂ ಇದ್ದವು. ಒಂದು ಸಾಕಿತ್ತು. ಕಾಯಿಲೆ ಇದೆ ಅಂತ ಖುಷಿಪಟ್ಟಿದ್ದು ಜೀವನದಲ್ಲಿ ಅದೇ ಮೊದಲು.

"ಮೂರು ಕೆಜಿ ಜಾಸ್ತಿ ಮಾಡ್ಕೊಂಡ್ರೆ 40 ಆಗುತ್ತೆ, ಈ ತಲೆನೋವೇ ಇರಲ್ಲ" ಅಂದರು ನಮ್ಮವರು. ತಮಾಷೆಗೆ ಅಂದಿದ್ದು, ಆದರೆ ಲೆಕ್ಕ ಸರಿಯಾಗಿಯೇ ಇತ್ತು. ವಿಚಿತ್ರ ಏನೆಂದರೆ, ಈ ಆಪರೇಷನ್ ಮಾಡುವ ಸರ್ಜನ್‌ಗಳ ಅಮೆರಿಕದ ಮತ್ತು ಅಂತಾರಾಷ್ಟ್ರೀಯ ಸಂಘಗಳು 2022ರಲ್ಲೇ 35 ಇದ್ದರೆ ಬೇರೆ ಕಾಯಿಲೆ ಇಲ್ಲದಿದ್ದರೂ ಸರಿ ಅಂದಿವೆ. ನಮ್ಮಂಥ ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಅಂದಿವೆ. ನಮ್ಮ ಮೈಗೆ ಕಮ್ಮಿ ತೂಕದಲ್ಲೇ ಶುಗರ್ ಅಂಟಿಕೊಳ್ಳುತ್ತದಂತೆ. ಪಾಲಿಸಿಯ ಅಳತೆಪಟ್ಟಿ ಮಾತ್ರ ಹಳೆಯದೇ.

ಆ ಷರತ್ತಿನ ನಡುವೆ ಇನ್ನೊಂದು ಮಾತಿತ್ತು. ಕೊಯ್ಯದೆ ತೂಕ ಇಳಿಸುವ ಬೇರೆ ದಾರಿಗಳು ವಿಫಲವಾಗಿರಬೇಕು. ಡೆಸ್ಕಿನ ಹುಡುಗಿ ಕೇಳಿದ್ದು ಅದನ್ನೇ.

ಇಪ್ಪತ್ತು ವರ್ಷದಿಂದ ನಾನು ಮುಚ್ಚಿಡುತ್ತಾ ಬಂದಿದ್ದು ಇದನ್ನು. ಜಿಮ್ಮಿಗೆ ಸೇರಿದ್ದನ್ನು ಯಾರಿಗೂ ಹೇಳಿರಲಿಲ್ಲ, ಬಿಟ್ಟಾಗ ಕೇಳುತ್ತಾರೆ ಅಂತ. ಈಗ ಒಂದೊಂದನ್ನೂ ಹುಡುಕಿ, ಜೆರಾಕ್ಸ್ ಮಾಡಿಸಿ, ಸಹಿ ಹಾಕಿ ಕಳಿಸಬೇಕು. ಭಾನುವಾರ ಬೀರು, ಅಟ್ಟ, ಹಾಸಿಗೆಯ ಕೆಳಗೆ ಎಲ್ಲ ಜಾಲಾಡಿದೆ. 2014ರ ಜಿಮ್ ರಸೀದಿ ಸಿಕ್ಕಿತು. ಆರು ತಿಂಗಳಿಗೆ ಕಟ್ಟಿ 23 ದಿನ ಹೋಗಿದ್ದೆ. ರಸೀದಿಯಲ್ಲಿ 23 ದಿನ ಅಂತ ಬರೆದಿರಲಿಲ್ಲ, ಬಚಾವ್. 2017ರಲ್ಲಿ ಮೈಸೂರಿನ ಡಯಟಿಷಿಯನ್ ಬರೆದ ಪಟ್ಟಿ ಸಿಕ್ಕಿತು. ನಾಲ್ಕು ತಿಂಗಳಲ್ಲಿ ಏಳು ಕೆಜಿ ಇಳಿದಿದ್ದೆ. ಆರನೇ ತಿಂಗಳಿಗೆ ಒಂಬತ್ತು ಏರಿದ್ದೆ. ಪ್ರಕೃತಿ ಚಿಕಿತ್ಸೆಯ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದ ಡಿಸ್ಚಾರ್ಜ್ ಕಾಗದವೂ ಸಿಕ್ಕಿತು. ಅಲ್ಲಿ ಇಳಿದ ನಾಲ್ಕು ಕೆಜಿ ದಸರಾ ಮುಗಿಯುವುದರೊಳಗೆ ಮನೆಗೆ ವಾಪಸ್.

ಇವೆಲ್ಲಕ್ಕಿಂತ ಕೆಲಸಕ್ಕೆ ಬಂದಿದ್ದು ಶುಗರ್ ಡಾಕ್ಟರ ಚೀಟಿಗಳು. ಪ್ರತಿ ಸಲ ಹೋದಾಗಲೂ ನರ್ಸ್ ತೂಕ ನೋಡಿ ಚೀಟಿಯ ಮೂಲೆಯಲ್ಲಿ ಬರೆಯುತ್ತಾರೆ. ಅದರ ಕೆಳಗೆ ಡಾಕ್ಟರು "ಊಟ ಕಮ್ಮಿ, ನಡಿಗೆ 45 ನಿಮಿಷ" ಅಂತ ಗೀಚಿರುತ್ತಾರೆ. ಆ ಚೀಟಿಗಳನ್ನು ನಾನು ಎಂದೂ ಬಿಸಾಕಿರಲಿಲ್ಲ. ಏಳು ವರ್ಷದ ಏರುಪೇರು ತಾರೀಖಿನ ಸಮೇತ ಸಾಲಾಗಿ ನಿಂತಿತು. ಈ ದಾರಿಯಲ್ಲಿ ಹೋಗುವವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಚೀಟಿ ಬಿಸಾಕಬೇಡಿ.

ಅಟ್ಟದಿಂದ ನಾನು ಇಳಿಯುವಾಗ ಅತ್ತೆ ಕೆಳಗೆ ನಿಂತಿದ್ದರು. ಅವರಿಗೆ ಈ ಆಪರೇಷನ್ ಮೊದಲಿಂದಲೂ ಇಷ್ಟ ಇರಲಿಲ್ಲ. "ಬಾಯ್ ಕಟ್ಕೊಂಡ್ರೆ ಆಯ್ತದೆ, ಹೊಟ್ಟೆ ಯಾಕವ್ವ ಕುಯ್ಸ್ಕಬೇಕು?" ಅನ್ನುತ್ತಿದ್ದರು. ಡಯಟಿಷಿಯನ್ ಹೇಳಿದ್ದು ಕೇಳಿದ ಮೇಲಂತೂ ಇನ್ನೂ ಕೋಪ. ಆಪರೇಷನ್ ಆದಮೇಲೆ ಪ್ರತಿ ತುತ್ತೂ 25 ಸಲ ಅಗಿದು ನುಂಗಬೇಕಂತೆ. "ಮುದ್ದೆ ಅಗ್ದು ತಿಂತಾರ ಯಾರಾದ್ರೂವೆ?" ಮಂಡ್ಯದವರ ಮನೆಯಲ್ಲಿ ಇದಕ್ಕೆ ಉತ್ತರ ಇಲ್ಲ.

ಆವತ್ತು ಮಾತ್ರ ಅವರು ಏನೂ ಅನ್ನದೆ ತಮ್ಮ ಟ್ರಂಕು ತೆಗೆದರು. ಹಳೇ ಗೋಡೆ ಕ್ಯಾಲೆಂಡರುಗಳ ಸುರುಳಿ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಸಂಘದ ಕಂತು, ಎಲ್ಲ ಅದರಲ್ಲೇ ಬರೆಯುವುದು ಅವರ ರೂಢಿ. 2019ರ ನವೆಂಬರ್ ಪುಟದಲ್ಲಿ ಚೌಕದ ಮೇಲೆ ಚೌಕ, "ಇವಳಿಗೆ ರಾತ್ರಿ ಮುದ್ದೆ ಬೇಡ". ಅಕ್ಕಿ, ಹಿಟ್ಟು ಅಳತೆ ತಪ್ಪಬಾರದು ಅಂತ ಬರೆದುಕೊಂಡಿದ್ದು. ಆ ತಿಂಗಳೇ 26 ದಿನ. "ನೀನ್ ತಿನ್ನೋದು ನಂಗೊತ್ತು, ಬುಟ್ಟಿದ್ದೂ ನಂಗೊತ್ತು ಕಣವ್ವ" ಅಂದರು. ಅದನ್ನೂ ಜೆರಾಕ್ಸ್ ಮಾಡಿಸಿದೆ. ಡೆಸ್ಕಿನ ಹುಡುಗಿ ಮೊದಲ ಸಲ ನಕ್ಕಳು. ಸರ್ಜನ್ ಕನ್ನಡಕ ಏರಿಸಿ ಓದಿ, "ಇರಲಿ, ಹಾಕಿ" ಅಂದರು. ಕಂಪನಿಯವರಲ್ಲಿ ಯಾರಾದರೂ ಅದನ್ನು ನೋಡಿದರೋ ಇಲ್ಲವೋ ದೇವರಿಗೇ ಗೊತ್ತು.

ಕಂಪನಿಯ ಕುಂದುಕೊರತೆ ಅಧಿಕಾರಿಗೆ ಎರಡು ಪುಟ ಬರೆದೆ. ಅಳಲಿಲ್ಲ, ಬೇಡಲಿಲ್ಲ. ನಿಮ್ಮ ಆರನೇ ನಂಬರಿನ ಷರತ್ತು ಇದು, ಅದಕ್ಕೆ ನನ್ನ ಕಾಗದ ಇದು ಅಂತ ಒಂದರ ಪಕ್ಕ ಒಂದು ಇಟ್ಟೆ. ಸರ್ಜನ್, ಶುಗರ್ ಡಾಕ್ಟರು, ನಿದ್ದೆಯ ಡಾಕ್ಟರು ಮೂವರ ಪತ್ರ ಬೇರೆ. ಮಾನಸಿಕ ತಜ್ಞೆಯ ವರದಿಯೂ ಇತ್ತು. ಆಕೆ "ನೀವು ಜಾಸ್ತಿ ತಿನ್ನೋದು ಯಾವಾಗ?" ಅಂತ ಕೇಳಿದಾಗ "ಕ್ಯಾಷ್ ಟ್ಯಾಲಿ ಆಗದ ದಿನ" ಅಂದಿದ್ದೆ. ಅದನ್ನೂ ಬರೆದುಕೊಂಡಿದ್ದರು.

ಇದೂ ಆಗದಿದ್ದರೆ ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ವಿಮಾ ಓಂಬುಡ್ಸ್‌ಮನ್ ಅಂತ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಕರ್ನಾಟಕಕ್ಕೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ಕಚೇರಿ ಇದೆ. ದೂರಿಗೆ ಶುಲ್ಕ ಇಲ್ಲ, ವಕೀಲರೂ ಬೇಡ. ಮೊದಲು ಕಂಪನಿಗೆ ಬರೆದು, ಉತ್ತರ ಬರದಿದ್ದರೆ 30 ದಿನ ಕಾದಿರಬೇಕು, ಅಷ್ಟೇ. ಅಲ್ಲಿಗೆ ಹೋಗುವ ಪ್ರಸಂಗ ಬರಲಿಲ್ಲ. ಹನ್ನೆರಡನೇ ದಿನ, ಕೌಂಟರಿನಲ್ಲಿ ಒಬ್ಬರ ಪಿಗ್ಮಿ ದುಡ್ಡು ಎಣಿಸುತ್ತಿರುವಾಗ ಮೆಸೇಜ್ ಬಂತು. ಮತ್ತೆ ಮೊದಲಿಂದ ಎಣಿಸಿದೆ.

ಆಪರೇಷನ್‌ಗೆ ಮುಂಚೆ ಎರಡು ವಾರ ಬರೀ ಪ್ರೋಟೀನ್ ಪುಡಿ, ತಿಳಿ ಸಾರು, ಮಜ್ಜಿಗೆ. ಲಿವರ್ ಕುಗ್ಗಿದರೆ ಸರ್ಜನ್‌ಗೆ ದಾರಿ ಸಲೀಸಂತೆ. ಆ ಎರಡು ವಾರದ ಬಗ್ಗೆ ಏನೂ ಬರೆಯಲಾರೆ, ಆಗ ನಾನು ಮನುಷ್ಯಳಾಗಿರಲಿಲ್ಲ. ನೆಂಟರಿಗೆ ಏನು ಹೇಳುವುದು ಅನ್ನುವುದು ಇನ್ನೊಂದು ಚಿಂತೆ. ಬೊಜ್ಜಿನ ಆಪರೇಷನ್ ಅಂದಾಗ ನಮ್ಮ ಚಿಕ್ಕಮ್ಮ "ದುಡ್ಡು ಜಾಸ್ತಿ ಆಯ್ತಾ" ಅಂದಿದ್ದರು. ನಮ್ಮವರು ಉಪಾಯ ಮಾಡಿದರು. "ಬೈಪಾಸ್ ಆಪರೇಷನ್" ಅಂತಷ್ಟೇ ಹೇಳಿದರು. ಅಷ್ಟೇ ನೋಡಿ, ಅದೇ ಚಿಕ್ಕಮ್ಮ ಕಣ್ಣೀರು ಹಾಕಿಕೊಂಡು ಸೇಬು ತಂದರು. "ಈ ವಯಸ್ಸಿಗೇ ಹಾರ್ಟಾ!" ಅಂದರು. ಯಾರೂ ತಿದ್ದಲಿಲ್ಲ. ಹೊಟ್ಟೆಯ ಬೈಪಾಸಿಗೆ ಸಿಗದ ಮರ್ಯಾದೆ ಎದೆಯ ಬೈಪಾಸಿಗೆ ಸಿಗುತ್ತದೆ.

ಆಪರೇಷನ್ ನವೆಂಬರ್‌ನಲ್ಲಿ ಆಯಿತು. ಸಂಜೆಗೇ ಎಬ್ಬಿಸಿ ವಾರ್ಡಿನಲ್ಲಿ ನಡೆಸಿದರು. ಮೂರನೇ ದಿನ ಡಿಸ್ಚಾರ್ಜ್. ಕೊನೆಯ ಬಿಲ್ಲಿಗೆ ಒಪ್ಪಿಗೆ ಮೂರು ಗಂಟೆಯೊಳಗೆ ಬರಬೇಕು. ಬಂತು. ಗ್ಲೌಸು, ಮಾಸ್ಕು, ಅದೂ ಇದೂ ಅಂತ 11,340 ರೂಪಾಯಿ ಮಾತ್ರ ನಮ್ಮ ತಲೆಗೆ. ನಮ್ಮವರು ಕಾರ್ಡ್ ಉಜ್ಜಿ ಹೊರಟೇಬಿಟ್ಟಿದ್ದರು. "ರೀ, ರಸೀದಿ" ಅಂದೆ.

ಮನೆಗೆ ಬಂದಾಗ ಅತ್ತೆ ಡಯಟ್ ಪಟ್ಟಿಯನ್ನು ಮೊಮ್ಮಗನ ಕೈಲಿ ಓದಿಸಿಕೊಂಡರು. ಒಂದು ಸಲಕ್ಕೆ 30 ಎಂಎಲ್, ಸ್ವಲ್ಪ ಸ್ವಲ್ಪವಾಗಿ ಗುಟುಕರಿಸಬೇಕು. ಆಸ್ಪತ್ರೆಯವರು ಔಷಧಿಯ ಪ್ಲಾಸ್ಟಿಕ್ ಲೋಟ ಕೊಟ್ಟಿದ್ದರು. ಅದನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. ಮತ್ತೆ ಟ್ರಂಕು ತೆಗೆದರು. ನನ್ನ ಮಗ ಕೂಸಾಗಿದ್ದಾಗಿನ ಬೆಳ್ಳಿ ಒಳಲೆ ಕಪ್ಪಾಗಿ ಮೂಲೆಯಲ್ಲಿ ಬಿದ್ದಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಹೆಸರುಬೇಳೆ ಕಟ್ಟಿನ ತಿಳಿ ತುಂಬಿಸಿಕೊಂಡು ಬಂದು ಮಂಚದ ಮೇಲೆ ಕೂತರು.

"ಅಗೀಬ್ಯಾಡ," ಅಂದರು. "ಇದನ್ನ ನುಂಗ್ಬೋದು."